ಚೋಕ್ ಎಳೆದಿಟ್ಟರೆ ಮಾತ್ರ ಓಡುವ ಜನರೇಟರ್

ಪ್ರಶ್ನೆ: ನಮ್ಮದು 2 ಕೆವಿಎ ಪೆಟ್ರೋಲ್ ಜನರೇಟರ್. ಹೋದ ಮಳೆಗಾಲದಲ್ಲಿ ಚೆನ್ನಾಗಿಯೇ ಇತ್ತು. ಆಮೇಲೆ ಗೋಣಿಚೀಲ ಹೊದಿಸಿ ಕೊಟ್ಟಿಗೆ ಪಕ್ಕ ಇಟ್ಟಿದ್ದೆವು. ಈ ಸಲ ಕರೆಂಟು ಹೋದ ದಿನ ಹಗ್ಗ ಎಳೆದೆಳೆದು ಯಜಮಾನರ ರಟ್ಟೆ ಸೋತಿತು. ಈಗ ಚೋಕ್ ಎಳೆದೇ ಇಟ್ಟರೆ ಏರುತ್ತಾ ಇಳಿಯುತ್ತಾ ಓಡುತ್ತದೆ, ಚೋಕ್ ತೆಗೆದರೆ ನಿಂತುಬಿಡುತ್ತದೆ. ಅಂಗಡಿಯವರು ಎಂಜಿನ್ನೇ ಬಿಚ್ಚಬೇಕು ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ಎಂಜಿನ್ ಬಿಚ್ಚಿಸಬೇಡಿ ತಾಯಿ. ಕಾಯಿಲೆಯ ಹೆಸರನ್ನು ನೀವೇ ಬರೆದಿದ್ದೀರಿ. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಆಗ ಮಾತ್ರ ಓಡುತ್ತದೆ ಎಂದರೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತಿನ ತಿರುಪು, ಕಟ್ಟಿಕೊಂಡಿದೆ. ಆ ತೂತು ಒಂದು ಮಿಲಿಮೀಟರಿಗಿಂತ ಸಣ್ಣದು. ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲ್ ತಿಂಗಳುಗಟ್ಟಲೆ ಆರಿ ಆರಿ ಹಲಸಿನ ಮೇಣದ ಹಾಗೆ ಅಂಟಾಗುತ್ತದೆ. ಈಗಿನ ಬಂಕ್ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೂ ಎಥೆನಾಲ್ ಇರುತ್ತದೆ. ಅದು ತೇವ ಹೀರುತ್ತದೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಬರವೇ?

ಮೊದಲು ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ನಲ್ಲಿ, ಅಂದರೆ ಫ್ಯೂಯೆಲ್ ಕಾಕ್ ಮುಚ್ಚಿ. ಕಾರ್ಬುರೇಟರಿನ ಕೆಳಗೆ ಬಟ್ಟಲಿನಂಥ ಭಾಗವಿದೆ. ಅದರ ಡ್ರೈನ್ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ನೋಡಿ. ತಳದಲ್ಲಿ ಬೇರೆಯಾಗಿ ನಿಂತದ್ದು ನೀರು. ಬಣ್ಣ ಚಹಾದಂತಾಗಿ ವಾರ್ನಿಷ್ ವಾಸನೆ ಹೊಡೆದರೆ ಟ್ಯಾಂಕಿನ ಪೆಟ್ರೋಲನ್ನೂ ಪೂರಾ ಖಾಲಿ ಮಾಡಿಸಿ. ಇದನ್ನೆಲ್ಲ ಅಂಗಳದಲ್ಲಿ, ಎಂಜಿನ್ ತಣ್ಣಗಿದ್ದಾಗ, ಒಲೆಯಿಂದ ದೂರ ಮಾಡಬೇಕು.

ಆಮೇಲೆ ಬಟ್ಟಲು ಬಿಚ್ಚಿ, ನಡುವಿನ ಹಿತ್ತಾಳೆ ಜೆಟ್ಟನ್ನು ಸರಿಯಾದ ಸ್ಕ್ರೂಡ್ರೈವರಿನಿಂದ ತೆಗೆದು, ಕಾರ್ಬುರೇಟರ್ ಕ್ಲೀನರ್ ಹೊಡೆದು ಆಕಾಶಕ್ಕೆ ಹಿಡಿದು ನೋಡಬೇಕು. ದುಂಡಗೆ ಬೆಳಕು ಕಂಡರೆ ಸರಿ. ಕಾಣದಿದ್ದರೆ ವೈರಿನೊಳಗಿನ ತಾಮ್ರದ ಒಂದೇ ಎಳೆ ತೂರಿಸಿ. ಕಬ್ಬಿಣದ ತಂತಿ ಬೇಡವೇ ಬೇಡ. ಕೆಲಸ ಕಲಿಯುವ ಕಾಲದಲ್ಲಿ ನಾನು ಬ್ರೇಕ್ ಕೇಬಲ್ಲಿನ ಎಳೆಯಿಂದ ಒಂದು ಜೆಟ್ ಕೆರೆದಿದ್ದೆ. ಮದುವೆ ಚಪ್ಪರದ ಜನರೇಟರ್ ಅದು. ಓಡಿತೇನೋ ಓಡಿತು, ಆದರೆ ತೂತು ದೊಡ್ಡದಾಗಿ ಕಪ್ಪು ಹೊಗೆ ಉಗುಳುತ್ತಾ ಪೆಟ್ರೋಲ್ ಕುಡಿಯತೊಡಗಿತು, ಧಾರೆಯ ಹೊತ್ತಿಗೆ ಟ್ಯಾಂಕ್ ಬರಿದು. ಹೊಸ ಜೆಟ್ಟಿನ ದುಡ್ಡು ನನ್ನ ಸಂಬಳದಲ್ಲೇ ಹೋಯಿತು.

ಇನ್ನು ಮುಂದೆ ಎತ್ತಿಡುವಾಗ ಎಂಜಿನ್ ಓಡುತ್ತಿರುವಾಗಲೇ ಕಾಕ್ ಮುಚ್ಚಿ, ತಾನಾಗಿ ನಿಲ್ಲುವವರೆಗೆ ಬಿಡಿ. ಟ್ಯಾಂಕ್ ಬರಿದು ಮಾಡಿ. ಕೊನೆಯಲ್ಲಿ ಹಗ್ಗವನ್ನು ಮೆಲ್ಲಗೆ ಎಳೆದು, ಬಿಗಿ ಸಿಕ್ಕಲ್ಲಿ ನಿಲ್ಲಿಸಿ. ಆಗ ವಾಲ್ವುಗಳು ಮುಚ್ಚಿರುತ್ತವೆ, ಸಿಲಿಂಡರಿಗೆ ತೇವ ಇಳಿಯದು. ಎಂಜಿನ್ ಆಯಿಲ್ ಹೊಸದರಲ್ಲಿ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಬದಲಿಸಿ. ಅಷ್ಟು ಓಡದಿದ್ದರೂ ಆರು ತಿಂಗಳಿಗೊಮ್ಮೆ ಬದಲಿಸಬೇಕು. ಎಂಜಿನ್ ಬಿಸಿಯಿದ್ದಾಗ ಇಳಿಸಿದರೆ ಕೊಳೆಯೂ ಜೊತೆಗೆ ಬರುತ್ತದೆ. ಏರ್ ಫಿಲ್ಟರಿನ ಸ್ಪಂಜನ್ನು ಸೋಪಿನ ನೀರಲ್ಲಿ ಅದುಮಿ ತೊಳೆದು, ನೆರಳಲ್ಲಿ ಒಣಗಿಸಿ, ಎಂಜಿನ್ ಆಯಿಲಿನಲ್ಲಿ ಅದ್ದಿ ಹೆಚ್ಚಿನದನ್ನು ಅದುಮಿ ತೆಗೆಯಿರಿ. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಹರಿಯುತ್ತದೆ.

ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಸ್ಕ್ರೂ ತಿರುಗಿಸಿ ಸ್ಪೀಡ್ ಜಾಸ್ತಿ ಮಾಡುತ್ತೇನೆ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಬಲ್ಬು, ಫ್ರಿಜ್ಜು ಎಲ್ಲ ಸುಟ್ಟುಕೊಳ್ಳುತ್ತೀರಿ.

ಪ್ರಶ್ನೆ: ಮಳೆ ಹೊಡೆತಕ್ಕೆ ಜನರೇಟರನ್ನು ಜಗಲಿಗೆ ತಂದು, ಬಾಗಿಲು ಮುಂದೆ ಮಾಡಿ ಓಡಿಸುತ್ತೇವೆ. ಹಿಂದಿನ ಕಿಟಕಿ ತೆರೆದಿರುತ್ತದೆ. ಸಾಕಲ್ಲವೇ?
– ಕೊಪ್ಪದ ಓದುಗರು

ಉತ್ತರ: ಸಾಲದು. ಈ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು ಅಂತ ಮಲಗಿದವರು ಏಳದೆ ಹೋಗಬಹುದು. ಮನೆಯಿಂದ ದೂರ, ಎಲ್ಲ ಕಡೆ ತೆರೆದಿರುವ ಮಾಡಿನ ಕೆಳಗೆ, ಕಿಟಕಿಗಳತ್ತ ಹೊಗೆ ಬಾರದಂತೆ ಸೈಲೆನ್ಸರ್ ಆಚೆ ತಿರುಗಿಸಿ ಇಡಿ. ಎರಡೂ ಕಡೆ ಪಿನ್ ಇರುವ ವೈರ್ ಮಾಡಿಕೊಂಡು ಮನೆಯ ಸಾಕೆಟ್ಟಿಗೆ ಚುಚ್ಚುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಲೈನಿನಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಕರೆಂಟೇ ಹೊಡೆದೀತು. ಲೈನ್ ಇಲ್ಲವೇ ಜನರೇಟರ್, ಒಮ್ಮೆಗೆ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ.

ಪ್ರಶ್ನೆ: ಸ್ಟಾರ್ಟ್ ಆಗಿ ಕಾಲು ಗಂಟೆ ಓಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಪೆಟ್ರೋಲ್ ತುಂಬಿದೆ, ಪ್ಲಗ್ ಹೊಸದು.
– ಸಾಗರದ ಓದುಗರು

ಉತ್ತರ: ಮುಂದಿನ ಸಲ ನಿಂತಾಗ ಟ್ಯಾಂಕಿನ ಮುಚ್ಚಳವನ್ನು ಒಂದು ಸುತ್ತು ಸಡಿಲಿಸಿ ನೋಡಿ. ಸುಂಯ್ ಎಂದು ಗಾಳಿ ಒಳಗೆ ಹೋದರೆ ಮುಚ್ಚಳದ ಗಾಳಿತೂತು ಮುಚ್ಚಿದೆ ಎಂದರ್ಥ. ಗಾಳಿ ಬಾರದೆ ಪೆಟ್ರೋಲ್ ಇಳಿಯುವುದಿಲ್ಲ. ನಾನು ತೆಗೆದ ಒಂದರಲ್ಲಿ ಕುಂಬಾರ ಹುಳ ಅಚ್ಚುಕಟ್ಟಾಗಿ ಮಣ್ಣು ಮೆತ್ತಿತ್ತು. ಹಾಗೇನೂ ಇಲ್ಲದಿದ್ದರೆ ಆಯಿಲ್ ಮಟ್ಟ ನೋಡಿ. ಇಳಿಜಾರಿನಲ್ಲಿಟ್ಟರೂ ಆಯಿಲ್ ಕಡಿಮೆಯಿದೆಯೆಂದು ಸೆನ್ಸರ್ ಎಂಜಿನ್ ನಿಲ್ಲಿಸುತ್ತದೆ. ಸಮತಟ್ಟಾದ ಕಲ್ಲಿನ ಮೇಲಿಟ್ಟು ಓಡಿಸಿ, ಮತ್ತೆ ಬರೆಯಿರಿ.