ಕಾದಂಬರಿ ಬರೆಯುವಾಗ ನನ್ನದೇ ದನಿ ಸಿಗುವುದು ಹೇಗೆ? ಬೇರೆ ಬರಹಗಾರರಿಗೆ ತೋರಿಸಬೇಕಾ?

ನೀವು ಕೇಳಿರುವುದು ಇಷ್ಟು. ನಿಮ್ಮದು ಬಾಗಲಕೋಟೆ. ಮುಳುಗಡೆಯಾದ ಹಳೇ ಊರಿನ ಮೇಲೆ ಕಾದಂಬರಿ ಶುರು ಮಾಡಿದ್ದೀರಿ. ತಿರುಗಿ ಓದಿದರೆ ಬೇರೆ ಯಾರೋ ಬರೆದ ಹಾಗಿದೆ. ನಮ್ಮ ಕಡೆ ಮಾತಿನಲ್ಲೇ ಬರೆದರೆ ಸರಿಹೋಗುತ್ತದಾ? ಬೇರೆ ಬರಹಗಾರರಿಗೆ ತೋರಿಸಿದರೆ ಇದ್ದ ಸ್ವಂತಿಕೆಯೂ ಹೋಗುತ್ತದಾ? ನಾನು ವಿಜಯಪುರದವಳು. ಕಥೆ, ಕಾದಂಬರಿ ಬರೆಯುವ ಒಂದು ಸಣ್ಣ ಗುಂಪಿನಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮಾತಿನ ವಿಷಯ ಮೊದಲು. 'ಐತಿ', 'ಹೋಗ್ಯಾನ', 'ಯಾಕಲೇ' ಅಂತ ಬರೆದ ಕೂಡಲೇ ದನಿ ಬರುವುದಿಲ್ಲ. ಅವು ಇಡೀ ಸೀಮೆಯ ಮಾತುಗಳು, ನಿಮ್ಮೊಬ್ಬರವಲ್ಲ. ಬೆಳಗಾವಿ ಜಿಲ್ಲೆಯ ಇಬ್ಬರು ಕಾದಂಬರಿಕಾರರನ್ನೇ ನೋಡಿ. ಬಸವರಾಜ ಕಟ್ಟೀಮನಿ 1919ರಲ್ಲಿ ಮಲಾಮರಡಿಯಲ್ಲಿ ಹುಟ್ಟಿದರು. ಚಂದ್ರಶೇಖರ ಕಂಬಾರರು 1937ರಲ್ಲಿ ಘೋಡಗೇರಿಯಲ್ಲಿ. ಇಬ್ಬರ ಕಿವಿಗೂ ಬಿದ್ದದ್ದು ಹೆಚ್ಚುಕಮ್ಮಿ ಒಂದೇ ಸೀಮೆಯ ಕನ್ನಡ. ಆದರೆ ಕಟ್ಟೀಮನಿ ಪತ್ರಕರ್ತರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು, ಪ್ರಗತಿಶೀಲರು. ಅವರ ಕಣ್ಣು ನೇರವಾಗಿ ಅನ್ಯಾಯದ ಮೇಲೆ ಹೋಗುತ್ತದೆ. ಕಂಬಾರರು ಶಿವಾಪುರ ಅನ್ನುವ ಊರನ್ನೇ ಕಟ್ಟಿಕೊಂಡು, ಅದರೊಳಗೆ ದೇವತೆ, ಹಾಡು, ಬಯಲಾಟ ಎಲ್ಲ ತುಂಬಿದರು. ಒಬ್ಬರ ಪುಟ ಓದಿ ಇನ್ನೊಬ್ಬರದು ಅಂದುಕೊಳ್ಳಲು ಸಾಧ್ಯವೇ ಇಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಕಥೆ ಹೇಳುವವನ ಕಣ್ಣು ಮೊದಲು ಯಾವುದರ ಮೇಲೆ ಬೀಳುತ್ತದೆ, ಅವನು ಯಾರ ಪಕ್ಕ ನಿಂತಿದ್ದಾನೆ, ಏನನ್ನು ಹೇಳದೆ ಬಿಡುತ್ತಾನೆ ಅನ್ನುವುದರಿಂದ. ನಿಮ್ಮ ವಿಷಯವನ್ನೇ ತಗೊಳ್ಳಿ. "ಆಲಮಟ್ಟಿಯ ಹಿನ್ನೀರು ಏರಿತು. ಜನರ ಬದುಕು ಮುಳುಗಿತು. ನೆನಪುಗಳು ಕೊಚ್ಚಿಹೋದವು." ಇದನ್ನು ಯಾರು ಬೇಕಾದರೂ ಬರೆಯಬಹುದು. ಬಾಗಲಕೋಟೆ ನೋಡದವರೂ ಬರೆಯಬಹುದು. ಈಗ ಇದನ್ನು ನೋಡಿ: "ಪರಿಹಾರದ ಚೆಕ್ಕು ಬಂದ ದಿನ ಅಪ್ಪ ಕಟಿಂಗ್ ಮಾಡಿಸಿಕೊಂಡು ಬಂದ. ಹಳೇ ಅಂಗಡಿಯಲ್ಲೇ. ಅಂಗಡಿಯವನಿಗೆ ಚೆಕ್ಕು ಬಂದಿರಲಿಲ್ಲ. ಅವನದು ಬಾಡಿಗೆ ಜಾಗ." ಇದರಲ್ಲಿ ನಮ್ಮ ಕಡೆಯ ಒಂದು ಪದವೂ ಇಲ್ಲ. ಆದರೂ ಹೇಳುತ್ತಿರುವವನು ಯಾರ ಲೆಕ್ಕ ಇಡುತ್ತಿದ್ದಾನೆ ಅಂತ ತಿಳಿಯುತ್ತದೆ ಅಲ್ವಾ? ಅಪ್ಪನ ಮೇಲೆ ಪ್ರೀತಿ ಇದೆ, ಸ್ವಲ್ಪ ಸಿಟ್ಟೂ ಇದೆ. ಆದರೆ ಎರಡನ್ನೂ ಬಾಯಿಬಿಟ್ಟು ಹೇಳಿಲ್ಲ.

ನಮ್ಮ ಮಾತು ಬೇಡ ಅನ್ನುತ್ತಿಲ್ಲ. ಶೇಡಬಾಳದ ಮಿರ್ಜಿ ಅಣ್ಣಾರಾಯರು 'ನಿಸರ್ಗ'ದಲ್ಲಿ ಗಡಿಭಾಗದ ಆಡುಮಾತನ್ನು ಕಾದಂಬರಿಗೆ ತಂದರು. ರಾವಬಹಾದ್ದೂರರ 'ಗ್ರಾಮಾಯಣ' 1957ರಲ್ಲಿ ಬಂತು, ಈಗಲೂ ಓದುತ್ತಾರೆ. ಬೆಂಗಳೂರಿನವರಿಗೆ ತಿಳಿಯುತ್ತದಾ ಅನ್ನುವ ಚಿಂತೆ ಬಿಟ್ಟುಬಿಡಿ. ನಿಜವಾದ ತೊಡಕು ಬೇರೆ ಇದೆ. ಹೊಸಬರ ಬರಹದಲ್ಲಿ ಎಲ್ಲ ಪಾತ್ರಗಳೂ ಒಂದೇ ತರಹ 'ಉತ್ತರ ಕರ್ನಾಟಕ' ಮಾತಾಡುತ್ತವೆ. ಗುಳೇದಗುಡ್ಡದ ನೇಕಾರ, ನವನಗರದ ಆಫೀಸಿನ ಕ್ಲರ್ಕು, ಮನೆಯಲ್ಲಿ ದಖ್ಖನಿ ಆಡುವ ಪಕ್ಕದ ಮನೆಯಾಕೆ, ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದ ಹುಡುಗಿ, ಇವರೆಲ್ಲರ ಮಾತು ಒಂದೇ ಆಗಲು ಹೇಗೆ ಸಾಧ್ಯ? ಧಾರಾವಾಹಿಗಳಲ್ಲಿ ನಮ್ಮ ಮಾತನ್ನು ಸುಮ್ನೆ ನಗಿಸಲಿಕ್ಕೆ ಇಟ್ಟುಕೊಂಡಿದ್ದಾರೆ. ನಾವೇ ಹಾಗೆ ಬರೆಯುವುದು ಬೇಡ.

ಇನ್ನು ಸಹ ಬರಹಗಾರರ ಮಾತು. ತೋರಿಸಿ. ಖಂಡಿತ ತೋರಿಸಿ. ಸ್ವಂತಿಕೆ ಹೋಗುತ್ತದೆ ಅನ್ನುವವರಿಗೆ ನಾನು ನಮ್ಮ ಜಿಲ್ಲೆಯ ಹಲಸಂಗಿಯನ್ನು ತೋರಿಸುತ್ತೇನೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿದ್ದು ಒಂದು ಹಳ್ಳಿಯಲ್ಲಿ. ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದಿಟ್ಟರು. 1931ರಲ್ಲಿ 'ಗರತಿಯ ಹಾಡು' ಹೊರಬಂತು. ಇಷ್ಟು ಒಟ್ಟಿಗಿದ್ದರೂ ಅವರು ಒಬ್ಬರ ಹಾಗೆ ಒಬ್ಬರಾಗಲಿಲ್ಲ. ಮಧುರಚೆನ್ನರು ಅನುಭಾವದ ಕವಿತೆಯ ಕಡೆ ಹೋದರು. ಲಿಂಗಣ್ಣ ಜಾನಪದ ಮತ್ತು ಗದ್ಯದಲ್ಲಿ ಉಳಿದರು.

ಆದರೆ ಹೇಗೆ ತೋರಿಸುತ್ತೀರಿ ಅನ್ನುವುದು ಮುಖ್ಯ. ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕಿದರೆ 'ಸೂಪರ್ ಸರ್' ಬರುತ್ತದೆ, ಒಂದು ಹೆಬ್ಬೆಟ್ಟು ಬರುತ್ತದೆ. ಅದರಿಂದ ಏನೂ ಕಲಿಯಲಾಗುವುದಿಲ್ಲ. ನಮ್ಮ ಗುಂಪಿನಲ್ಲಿ ಬರೆದವರು ಗಟ್ಟಿಯಾಗಿ ಓದಬೇಕು. ಓದಿ ಮುಗಿಸಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. "ನಾನು ಹೇಳಲು ಹೊರಟಿದ್ದು ಏನಂದರೆ" ಅನ್ನುವಂತಿಲ್ಲ. ಕಷ್ಟ, ಆದರೆ ಅದೇ ಉಪಯೋಗಕ್ಕೆ ಬರುವುದು. ಗಟ್ಟಿಯಾಗಿ ಓದುವಾಗ ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಸಾಲವಾಗಿ ತಂದ ವಾಕ್ಯ ಇರುತ್ತದೆ. ಬೇರೆಯವರು ಹೇಳುವ ಮೊದಲೇ ನಿಮಗೇ ನಾಚಿಕೆಯಾಗುತ್ತದೆ.

ಕೇಳಿದವರು ಚಲೋ ಐತಿ, ಇಲ್ಲ ಅನ್ನುವುದಕ್ಕಿಂತ ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು, ಎಲ್ಲಿ ನಂಬಿಕೆ ಬರಲಿಲ್ಲ ಅಂತ ಹೇಳಲಿ. ಇಲ್ಲಿ ಒಂದು ಎಚ್ಚರ. ಎಲ್ಲಿ ಬೇಸರವಾಯಿತು ಅನ್ನುವುದರಲ್ಲಿ ಅವರು ಸಾಮಾನ್ಯವಾಗಿ ಸರಿ. ಹೇಗೆ ತಿದ್ದಬೇಕು ಅನ್ನುವುದರಲ್ಲಿ ಜಾಸ್ತಿ ಸಲ ತಪ್ಪು. ಬರಹಗಾರರು ತಿದ್ದಲು ಕೂತರೆ ಅದನ್ನು ತಮ್ಮ ಕಥೆ ಮಾಡಿಬಿಡುತ್ತಾರೆ. ಅವರು ಬೆರಳಿಟ್ಟ ಜಾಗವನ್ನು ಗುರುತು ಮಾಡಿಕೊಳ್ಳಿ, ಔಷಧಿ ನೀವೇ ಹುಡುಕಿ. ಒಂದು ಮಾತು ಇಬ್ಬರು ಬೇರೆ ಬೇರೆ ರುಚಿಯವರಿಂದ ಬಂದರೆ ಮಾತ್ರ ನಾನು ಪೆನ್ನು ತೆಗೆಯುತ್ತೇನೆ.

ನೀವೂ ಅವರ ಕರಡನ್ನು ಅಷ್ಟೇ ಗಮನದಿಂದ ಕೇಳಬೇಕು. ಅಚ್ಚಾದ ಒಳ್ಳೇ ಕಾದಂಬರಿಯಲ್ಲಿ ಹೊಲಿಗೆ ಕಾಣುವುದಿಲ್ಲ. ಗೆಳೆಯರ ಅರ್ಧ ಬೆಂದ ಅಧ್ಯಾಯದಲ್ಲಿ ಕಾಣುತ್ತದೆ. ಮಾತುಕತೆ ಯಾಕೆ ಉದ್ದವಾಯಿತು, ಸಾವಿನ ದೃಶ್ಯ ಯಾಕೆ ತಟ್ಟಲಿಲ್ಲ ಅಂತ ಅವರದರಲ್ಲಿ ಹುಡುಕಿದರೆ ನಿಮ್ಮದರಲ್ಲೂ ಸಿಗುತ್ತದೆ. ನಾನು ಕಲಿತದ್ದರಲ್ಲಿ ಜಾಸ್ತಿ ಪಾಲು ಹೀಗೆ ಬಂದದ್ದೇ.

ಗುಂಪಿನಲ್ಲಿ ಎಷ್ಟು ಜನ ಅಂತ ತಲೆಕೆಡಿಸಿಕೊಳ್ಳಬೇಡಿ, ಮೂವರಿದ್ದರೂ ಸಾಕು. ಆದರೆ ಅವರಲ್ಲಿ ಒಬ್ಬರು ಮುಳುಗಡೆ ನೋಡದವರಿರಲಿ, ಮಂಗಳೂರಿನವರೋ ಮೈಸೂರಿನವರೋ, ಫೋನಿನಲ್ಲಿ ಕೇಳಿದರೂ ನಡೆಯುತ್ತದೆ. ನಿಮ್ಮೂರಿನವರು ನೀವು ಬರೆಯದೆ ಬಿಟ್ಟದ್ದನ್ನೂ ತಾವೇ ತುಂಬಿಕೊಂಡು ಕೇಳುತ್ತಾರೆ, ಕಣ್ಣೀರೂ ಹಾಕುತ್ತಾರೆ. ಹೊರಗಿನವರು ಮಾತ್ರ "ಮನೆ ಹೋದ ಮೇಲೆ ಅವರು ಎಲ್ಲಿಗೆ ಹೋದರು?" ಅಂತ ಕೇಳುತ್ತಾರೆ. ಉತ್ತರ ನಿಮ್ಮ ತಲೆಯಲ್ಲಿದ್ದು ಪುಟದಲ್ಲಿ ಇಲ್ಲದಿದ್ದರೆ, ಮುಂದಿನ ಅಧ್ಯಾಯಕ್ಕಿಂತ ಮೊದಲು ಅದನ್ನು ಬರೆಯಿರಿ.