ಕರಡಿಯ ತುಪ್ಪಳ, ಬಂಡೆಯ ಮೈ: ಟೆಕ್ಸ್‌ಚರ್ ಬ್ರಷ್ ಎಲ್ಲಿ, ಎಷ್ಟು?

ಪ್ರಶ್ನೆ: ನಾನು ಪೆನ್ ಟ್ಯಾಬ್ಲೆಟ್ ಬಳಸಿ ಕ್ರಿಟಾ ಎಂಬ ತಂತ್ರಾಂಶದಲ್ಲಿ ಚಿತ್ರ ಬರೆಯುವ ಹವ್ಯಾಸಿ. ದರೋಜಿ ಕರಡಿಧಾಮದ ಕರಡಿಯನ್ನೂ ಸುತ್ತಲಿನ ಬಂಡೆಗಳನ್ನೂ ಚಿತ್ರಿಸುತ್ತಿದ್ದೇನೆ. ತುಪ್ಪಳಕ್ಕೆ, ಕಲ್ಲಿಗೆ, ಎಲೆಗೆ ಎಂದು ಮೇಲ್ಮೈಯ ಒರಟುತನ ಮೂಡಿಸುವ ಹಲವು ಟೆಕ್ಸ್‌ಚರ್ ಬ್ರಷ್‌ಗಳನ್ನು ಇಳಿಸಿಕೊಂಡಿದ್ದರೂ ಕರಡಿ ಚಪ್ಪಟೆಯಾಗಿ ಕಾಣುತ್ತದೆ; ಬಂಡೆಗಳ ಮೇಲೆ ಒಂದೇ ವಿನ್ಯಾಸ ಮತ್ತೆ ಮತ್ತೆ ಅಚ್ಚೊತ್ತಿದಂತಿದೆ. ತಪ್ಪು ಬ್ರಷ್‌ನದೋ, ನನ್ನ ವಿಧಾನದ್ದೋ?

ಉತ್ತರ: ಬ್ರಷ್‌ನಲ್ಲಿ ದೋಷವಿರುವ ಸಾಧ್ಯತೆ ಕಡಿಮೆ. ಆಕೃತಿ ಗಟ್ಟಿಯಾಗುವ ಮೊದಲೇ ಟೆಕ್ಸ್‌ಚರನ್ನು ಇಡೀ ಮೈಗೆ ಸಮನಾಗಿ ಹಚ್ಚಿದಾಗ ನೀವು ಹೇಳಿರುವ ಎರಡೂ ತೊಂದರೆಗಳು ಒಟ್ಟಿಗೇ ಬರುತ್ತವೆ. ಯಾವುದೇ ವಸ್ತುವಿನ ಒರಟುತನ ನಮಗೆ ತಿಳಿಯುವುದು ಅದರ ಮೇಲಿನ ಉಬ್ಬುತಗ್ಗುಗಳು ಬೀಳಿಸುವ ಸಣ್ಣ ಸಣ್ಣ ನೆರಳುಗಳಿಂದ. ಬೆಳಕು ನೇರವಾಗಿ ಬಡಿಯುವ ಕಡೆ ಆ ನೆರಳುಗಳು ಏಳುವುದೇ ಇಲ್ಲ, ದಟ್ಟ ನೆರಳಿನೊಳಗೆ ಅವು ಮುಳುಗಿಹೋಗುತ್ತವೆ. ಬೆಳಕು ಓರೆಯಾಗಿ ಸವರಿಕೊಂಡು ನೆರಳಿನ ಕಡೆಗೆ ಹೊರಳುವ ನಡುವಿನ ಪಟ್ಟಿಯಲ್ಲಿ ಮಾತ್ರ ಎದ್ದು ಕಾಣುತ್ತವೆ. ಆದ್ದರಿಂದ ಟೆಕ್ಸ್‌ಚರ್ ಬ್ರಷ್‌ಗೆ ಸಲ್ಲಬೇಕಾದ ಜಾಗವೂ ಮುಖ್ಯವಾಗಿ ಅದೇ ಪಟ್ಟಿ. ಉಳಿದೆಡೆ ಬಣ್ಣ ಶಾಂತವಾಗಿದ್ದಷ್ಟೂ ಆ ಪಟ್ಟಿಯ ಒರಟುತನ ನಂಬಿಕೆ ಹುಟ್ಟಿಸುತ್ತದೆ.

ನೀವು ಆರಿಸಿಕೊಂಡಿರುವ ವಸ್ತು ಇದಕ್ಕೆ ಬಹಳ ಅನುಕೂಲವಾದದ್ದು. ಹಂಪಿಗೆ ಸಮೀಪದ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗಾಗಿಯೇ ಧಾಮ ಸ್ಥಾಪನೆಯಾಯಿತು. ಕಾವಲು ಗೋಪುರದಿಂದ ಕಾಣುವ ಬಂಡೆಗಳಿಗೆ ಸಿಬ್ಬಂದಿ ಜೇನು, ಬೆಲ್ಲದ ಮಿಶ್ರಣ ಸವರಿಟ್ಟಾಗ ಕರಡಿಗಳು ಮಧ್ಯಾಹ್ನ ಕಳೆದ ಮೇಲೆ ಅಲ್ಲಿಗೆ ಬರುವುದರಿಂದ, ಅಲ್ಲಿ ತೆಗೆದ ಎಷ್ಟೋ ಛಾಯಾಚಿತ್ರಗಳಲ್ಲಿ ಇಳಿಬಿಸಿಲಿನ ಓರೆ ಬೆಳಕೇ ಇರುತ್ತದೆ. ಅಂಥ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಳ್ಳಿ. ನಡುಹಗಲಿನ ಚಿತ್ರದಿಂದ ಟೆಕ್ಸ್‌ಚರ್ ಕಲಿಯುವುದು ಕಷ್ಟ.

ಮೊದಲು ಕರಡಿಯನ್ನು ಟೆಕ್ಸ್‌ಚರ್ ಇಲ್ಲದ ಸಾದಾ ಬ್ರಷ್‌ನಿಂದ ಮೂರೇ ಛಾಯೆಗಳಲ್ಲಿ ಕಟ್ಟಿ. ಕರಡಿ ಕಪ್ಪು ಎಂದು ಅಚ್ಚ ಕಪ್ಪನ್ನೇ ತುಂಬಿದರೆ ಮುಂದೆ ಗಾಢಗೊಳಿಸಲು ಜಾಗವೇ ಉಳಿಯುವುದಿಲ್ಲ. ಆಕಾಶಕ್ಕೆ ಮುಖ ಮಾಡಿದ ಬೆನ್ನಿಗೆ ತುಸು ನೀಲಿ ಬೆರೆತ ಬೂದು, ಪಕ್ಕೆಗೆ ಕಂದುಗಪ್ಪು, ಹೊಟ್ಟೆಯ ಅಡಿಗೂ ಕಾಲುಗಳ ಸಂದಿಗೂ ಮಾತ್ರ ಅತ್ಯಂತ ಗಾಢ ಬಣ್ಣ ಇಡಿ. ಚಿತ್ರವನ್ನು ಚಿಕ್ಕದಾಗಿಸಿ ನೋಡಿದಾಗ ಆ ಮೂರು ಛಾಯೆಗಳಿಂದಲೇ ಕರಡಿಯ ದುಂಡು ಮೈ ಗುರುತು ಸಿಗುವ ತನಕ ತುಪ್ಪಳದ ಬ್ರಷ್ ಮುಟ್ಟಬೇಡಿ.

ತುಪ್ಪಳದ ವಿಷಯದಲ್ಲಿ ಹೆಚ್ಚಿನವರು ಎಡವುವುದು ಕೂದಲನ್ನು ಒಂದೊಂದಾಗಿ ಎಳೆಯಲು ಹೋಗಿ. ನಮ್ಮ ಕರಡಿಯ ಮೈಗೂದಲು ಉದ್ದ, ಒರಟು, ಕೆದರಿದಂಥದ್ದು. ಕುತ್ತಿಗೆ ಮತ್ತು ಭುಜದ ಸುತ್ತ ಕೇಸರದಂತೆ ಜೋತುಬಿದ್ದು ಜೊಂಪೆ ಜೊಂಪೆಯಾಗಿ ಒಡೆಯುತ್ತದೆ. ಆ ಜೊಂಪೆಗಳನ್ನು ಅಗಲವಾದ ಬ್ರಷ್‌ನಿಂದ ಮೊದಲು ಬರೆದು, ಅವುಗಳ ತುದಿಗಳನ್ನು ಮಾತ್ರ ತುಪ್ಪಳದ ಬ್ರಷ್‌ನಿಂದ ಬಿಡಿಸಿ. ಮಾಸಲು ಬಿಳುಪಿನ ಮೂತಿಯಲ್ಲಿ ಕೂದಲು ತೀರ ಗಿಡ್ಡವಾದ್ದರಿಂದ ಅಲ್ಲಿ ತುಪ್ಪಳದ ಬ್ರಷ್ ಬೇಕಾಗುವುದೇ ಇಲ್ಲ. ಮೂತಿಯ ಈ ನುಣುಪನ್ನು ಕಾಪಾಡಿಕೊಂಡರೆ ಭುಜದ ಕೆದರು ತಾನಾಗಿಯೇ ಎದ್ದು ಕಾಣುತ್ತದೆ. ಎದೆಯ ಮೇಲಿನ ತಿಳಿ ಬಣ್ಣದ ‘ವಿ’ ಆಕಾರದ ಗುರುತಿನ ಅಂಚಿಗೆ ಹತ್ತಾರು ಕೂದಲ ಗೆರೆ ಸಾಕು. ಒಳಭಾಗವನ್ನು ಹಾಗೇ ಬಿಡಿ. ಕ್ರಿಟಾದಲ್ಲಿ ಎಫ್5 ಒತ್ತಿ ಬ್ರಷ್ ಎಡಿಟರ್ ತೆರೆದು, ರೊಟೇಶನ್ ವಿಭಾಗದಲ್ಲಿ ‘ಡ್ರಾಯಿಂಗ್ ಆಂಗಲ್’ ಆಯ್ದುಕೊಂಡರೆ ಕೈ ಚಲಿಸಿದ ದಿಕ್ಕಿಗೇ ಕೂದಲೂ ತಿರುಗುತ್ತದೆ. ಇದೊಂದನ್ನು ಬಿಟ್ಟಿದ್ದರಿಂದಲೇ ಹಲವರ ಪ್ರಾಣಿಚಿತ್ರಗಳಲ್ಲಿ ಬೆನ್ನಿನ ಕೂದಲೂ ಕಾಲಿನ ಕೂದಲೂ ಒಂದೇ ಕಡೆಗೆ ಬಾಗಿರುತ್ತವೆ.

ಇನ್ನು ಬಂಡೆ. ಕ್ರಿಟಾದ ಟೆಕ್ಸ್‌ಚರ್ ವಿಭಾಗದಲ್ಲಿರುವ ಪ್ಯಾಟರ್ನ್ (ಟೆಕ್ಸ್‌ಚರಿಗೆ ಆಧಾರವಾದ ವಿನ್ಯಾಸದ ತುಂಡು) ಕ್ಯಾನ್ವಾಸ್‌ಗೆ ಅಂಟಿಕೊಂಡಂತೆ ವರ್ತಿಸಿ, ತನ್ನ ಅಳತೆ ಮುಗಿದ ಕೂಡಲೇ ಮೊದಲಿನಿಂದ ಶುರುವಾಗುತ್ತದೆ. 300 ಡಿಪಿಐನ (ಅಂಗುಲಕ್ಕೆ 300 ಚುಕ್ಕೆಗಳ) ಎ4 ಹಾಳೆಯ ಎತ್ತರ 3508 ಪಿಕ್ಸೆಲ್. ನಿಮ್ಮ ಪ್ಯಾಟರ್ನ್ 512 ಪಿಕ್ಸೆಲ್‌ನದಾದರೆ ಮೇಲಿನಿಂದ ಕೆಳಗೆ ಅದೇ ಗುರುತು ಸುಮಾರು ಏಳು ಸಲ ಮರಳಿ ಬರುತ್ತದೆ. ನೀವು ಕಂಡಿರುವ ಅಚ್ಚು ಇದೇ ಇರಬೇಕು. ಸ್ಕೇಲ್ (ಪ್ಯಾಟರ್ನ್‌ನ ಅಳತೆ) ಬದಲಿಸಿದ ಎರಡು ಬ್ರಷ್‌ಗಳನ್ನು ಒಂದರ ಮೇಲೊಂದು ಬಳಸಿ, ಸ್ಟ್ರೆಂತ್ (ಟೆಕ್ಸ್‌ಚರಿನ ತೀವ್ರತೆ) ಅನ್ನು ಪೆನ್ನಿನ ಒತ್ತಡಕ್ಕೆ ಜೋಡಿಸಿದರೆ ಪುನರಾವರ್ತನೆ ಬಹುಪಾಲು ಮರೆಯಾಗುತ್ತದೆ. ಟೆಕ್ಸ್‌ಚರ್ ಮೋಡ್ ‘ಮಲ್ಟಿಪ್ಲೈ’ ಆಗಿದ್ದರೆ ಕಣಗಳು ಮೃದುವಾಗಿ ಮೂಡುತ್ತವೆ. ‘ಸಬ್‌ಟ್ರ್ಯಾಕ್ಟ್’ ಆಗಿದ್ದರೆ ಒಣ ಕುಂಚವನ್ನು ಒರಟು ಕಾಗದದ ಮೇಲೆ ಎಳೆದಂತೆ ಹರಿದು ಹರಿದು ಬರುತ್ತವೆ. ಗ್ರಾನೈಟ್‌ಗೆ ನನ್ನ ಆಯ್ಕೆ ಎರಡನೆಯದು.

ಆದರೆ ಯಾವ ಪ್ಯಾಟರ್ನ್ ಕೂಡ ಕೊಡಲಾಗದ ಸಂಗತಿಗಳು ಆ ಬಂಡೆಗಳಲ್ಲಿವೆ. ಹೊರಮೈ ಪದರ ಪದರವಾಗಿ ಕಳಚಿದ ಅಂಚು, ಮಳೆನೀರು ಇಳಿದ ದಾರಿಯ ಕಪ್ಪು ಕಲೆ, ಉರುಟು ಬಂಡೆಯನ್ನು ಸೀಳಿದ ನೇರ ಬಿರುಕು, ಇವನ್ನು ಕೈಯಿಂದಲೇ ಬರೆಯಬೇಕು. ಕಲೆಗಳು ಬಂಡೆಯ ಉಬ್ಬನ್ನು ಅನುಸರಿಸಿ ಕೆಳಗಿಳಿದರೆ, ಟೆಕ್ಸ್‌ಚರ್ ಏನೂ ಹಾಕದಿದ್ದರೂ ಬಂಡೆಗೆ ತೂಕ ಬರುತ್ತದೆ. ದೂರದ ಗುಡ್ಡಗಳಿಗೆ ಕಣ ಬೇಡ. ಮಾಸಲು ಬಣ್ಣ ಸಾಕು.

ಪ್ರಶ್ನೆ: ಐಪ್ಯಾಡ್‌ನಲ್ಲಿ ಪ್ರೊಕ್ರಿಯೇಟ್ ಎಂಬ ಚಿತ್ರಕಲಾ ಆ್ಯಪ್ ಬಳಸುತ್ತೇನೆ. ನಾನೇ ತೆಗೆದ ಬಂಡೆಯ ಫೋಟೊದಿಂದ ಸ್ವಂತ ಬ್ರಷ್ ಮಾಡಿಕೊಳ್ಳಬಹುದೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು, ಮಾಡಿಕೊಳ್ಳಲೇಬೇಕು ಎಂದು ನಾನು ಹೇಳುತ್ತೇನೆ; ಕಣ್ಣಾರೆ ನೋಡಿದ ಕಲ್ಲಿನ ಕಣ ಕೈಗೆ ಬೇಗ ಒಗ್ಗುತ್ತದೆ. ಮೋಡ ಕವಿದ ದಿನ, ಕಲ್ಲಿಗೆ ನೇರ ಎದುರಾಗಿ ನಿಂತು ಫೋಟೊ ತೆಗೆಯಿರಿ. ಬಿಸಿಲಿನ ಫೋಟೊದಲ್ಲಿ ಬೆಳಕಿನ ದಿಕ್ಕು ಸೇರಿಕೊಂಡಿರುವುದರಿಂದ ಅದು ಚಿತ್ರದ ಬೆಳಕಿನೊಂದಿಗೆ ಜಗಳವಾಡುತ್ತದೆ. ಫೋಟೊವನ್ನು ಕಪ್ಪುಬಿಳುಪಿಗೆ ತಂದು, ಒಂದು ಮೂಲೆ ಕಪ್ಪಾಗಿ ಇನ್ನೊಂದು ಬೆಳ್ಳಗಿದ್ದರೆ ಸಮಗೊಳಿಸಿ, ಕಣ್ಣಿಗೆ ಕುಕ್ಕುವ ಒಂಟಿ ಕಲೆ, ಬಿರುಕುಗಳನ್ನು ಅಳಿಸಿ, ಎದುರುಬದುರು ಅಂಚುಗಳು ಕೂಡಿಕೊಳ್ಳುವಂತೆ ತಿದ್ದಿ. ನಂತರ ಪ್ರೊಕ್ರಿಯೇಟ್‌ನಲ್ಲಿ ಬ್ರಷ್ ತಿದ್ದುವ ಬ್ರಷ್ ಸ್ಟುಡಿಯೊದ ಗ್ರೇನ್ (ಕಣ) ವಿಭಾಗಕ್ಕೆ ಆಮದು ಮಾಡಿಕೊಳ್ಳಿ. ಅಲ್ಲಿ ‘ಮೂವಿಂಗ್’ ಆಯ್ಕೆಯಲ್ಲಿ ಕಣ ಗೆರೆಯೊಂದಿಗೆ ಎಳೆದುಕೊಂಡು ಹೋಗುತ್ತದೆ, ‘ಟೆಕ್ಸ್‌ಚರೈಸ್ಡ್’ ಆಯ್ಕೆಯಲ್ಲಿ ಕಾಗದದ ಕಣದಂತೆ ಇದ್ದಲ್ಲೇ ಇರುತ್ತದೆ. ಕಲ್ಲು, ನೆಲ, ಗೋಡೆಗೆ ಎರಡನೆಯದು ಸರಿ; ಹುಲ್ಲು, ತುಪ್ಪಳ, ಮರದ ತೊಗಟೆಗೆ ಮೊದಲನೆಯದು.

ಸಿದ್ಧವಾದ ಬ್ರಷ್‌ನಿಂದ ನೇರವಾಗಿ ಭೂದೃಶ್ಯಕ್ಕೆ ಹೋಗದೆ, ಒಂದು ಗೋಳ ಬರೆದು ಅದರ ನಡುಛಾಯೆಯಲ್ಲಿ (ಬೆಳಕು ನೆರಳಿಗೆ ಹೊರಳುವ ಪಟ್ಟಿಯಲ್ಲಿ) ಮಾತ್ರ ಬಳಸಿ ನೋಡಿ. ಗೋಳ ದುಂಡಗೆ ಉಳಿದು ಕಲ್ಲಿನಂತೆ ಕಂಡರೆ ಬ್ರಷ್ ಕೆಲಸಕ್ಕೆ ಬರುತ್ತದೆ. ಚಪ್ಪಟೆಯಾದರೆ ಗ್ರೇನ್‌ನ ಕಾಂಟ್ರಾಸ್ಟ್ ತಗ್ಗಿಸಿ ಮತ್ತೊಮ್ಮೆ ಪರೀಕ್ಷಿಸಿ.