ನಗರ ವಿನ್ಯಾಸದ ಕಲ್ಪನೆ ಕಾಲಕ್ರಮೇಣ ಊರಿನ ಆಕಾರವನ್ನು ಹೇಗೆ ಬದಲಿಸುತ್ತದೆ?

ಸ್ಪೇನಿನ ಬಾರ್ಸಿಲೋನಾದ ಐಶಾಂಪ್ಲ ಬಡಾವಣೆಯನ್ನೇ ನೋಡಿ. ಕೋಟೆಗೋಡೆಯೊಳಗೆ ಕಿಕ್ಕಿರಿದು ರೋಗರುಜಿನಕ್ಕೆ ತುತ್ತಾಗುತ್ತಿದ್ದ ಊರಿಗೆ ಗಾಳಿ, ಬೆಳಕು ಬೇಕೆಂಬುದು ಇಂಜಿನಿಯರ್ ಇಲ್ದೆಫೋನ್ಸ್ ಸೆರ್ದಾ ಅವರ ಮೂಲ ವಿಚಾರ. 1859ರಲ್ಲಿ ಒಪ್ಪಿಗೆ ಪಡೆದ ಅವರ ನಕ್ಷೆಯಲ್ಲಿ ಸುಮಾರು 113 ಮೀಟರ್ ಉದ್ದಗಲದ ಚೌಕಗಳು, ನಡುವೆ ಸಾಮಾನ್ಯವಾಗಿ 20 ಮೀಟರ್ ಅಗಲದ ರಸ್ತೆ. ಗಾಡಿಗಳು ತಿರುಗಲು, ಎದುರು ಬರುವವರು ಕಾಣಲು ಪ್ರತಿ ಮೂಲೆಯನ್ನೂ 45 ಡಿಗ್ರಿಯಲ್ಲಿ ಕತ್ತರಿಸಿದರು.

ಚೌಕದ ಎರಡು ಬದಿಗೆ ಮಾತ್ರ ಕಟ್ಟಡ, ನಡುವೆ ತೋಟ ಎಂಬುದು ಅವರ ಆಶಯ. ಅದು ಉಳಿಯಲಿಲ್ಲ. ನೆಲದ ಬೆಲೆ ಏರಿದಂತೆ ಮಾಲೀಕರು ನಾಲ್ಕೂ ಬದಿ ಮುಚ್ಚಿದರು, ನಿಯಮ ಸಡಿಲವಾದಂತೆ ಮಹಡಿ ಏರಿಸಿದರು, ಒಳಾಂಗಣದಲ್ಲಿ ಗೋದಾಮು, ಕಾರ್ಯಾಗಾರ ಬಂದವು. ರಸ್ತೆ ಸಾರ್ವಜನಿಕ ಸ್ವತ್ತಾದ್ದರಿಂದ ಅದರ ಗೆರೆ ಮಾತ್ರ ಕದಲಲಿಲ್ಲ. ಖಾಸಗಿ ನಿವೇಶನಕ್ಕೆ ಬಿಟ್ಟ ಹಸಿರು ಮೊದಲು ಹೋಗುತ್ತದೆ. ನನ್ನ ಮಟ್ಟಿಗೆ ಇದೇ ಮುಖ್ಯ ಪಾಠ.

ಕಾರು ಹೆಚ್ಚಿದ ಮೇಲೆ ಕತ್ತರಿಸಿದ ಮೂಲೆಗಳು ಪಾರ್ಕಿಂಗ್ ಜಾಗವಾದವು. ಮೂಲೆ ಕತ್ತರಿಸಿರುವುದರಿಂದ ನಡೆಯುವವರು ಈಗಲೂ ಪ್ರತಿ ಅಡ್ಡರಸ್ತೆಯಲ್ಲಿ ಸುತ್ತಿ ದಾಟಬೇಕು. 2016ರಿಂದ ಅದೇ ನಗರದ ಪೋಬ್ಲೆನೋ ಪ್ರದೇಶದಲ್ಲಿ ಸೆರ್ದಾ ನಕ್ಷೆಯ ಒಂಬತ್ತು ಚೌಕಗಳನ್ನು ಒಂದು ಗುಂಪಾಗಿ ಸೇರಿಸಿ, ಹಾದುಹೋಗುವ ವಾಹನಗಳನ್ನು ಹೊರಸುತ್ತಿಗೆ ತಳ್ಳಿದ್ದಾರೆ.